ಹಾಯಿಹಡಗಿನ ಅಂಚೆಚೀಟಿಯನ್ನು ಬಿಡಿಸಿ ಪ್ರದರ್ಶನಕ್ಕೆ ಅಣಿಗೊಳಿಸುವ ಬಗೆ

ಕಲಬುರಗಿ, ಬೀದರ್ ಕಡೆಯಿಂದ ಮಸ್ಕತ್‌ಗೆ ದುಡಿಯಲು ಹೋದವರ ಮನೆಯ ಹಳೆಯ ಪತ್ರಗಳ ನಡುವೆ, ಅರೇಬಿಯನ್ ನೈಟ್ಸ್ ಕಥೆಗಳ ನಾವಿಕ ಸಿಂದಬಾದನ ಹಾದಿ ಹಿಡಿದು ಹಾಯಿಹಡಗೊಂದು ಕೈಗೊಂಡ ಯಾನದ ನೆನಪಿಗೆ ಒಮಾನ್ 1981ರಲ್ಲಿ ಹೊರತಂದ ಅಂಚೆಚೀಟಿ ಕಣ್ಣಿಗೆ ಬಿದ್ದರೆ ಕೂಡಲೇ ಕತ್ತರಿ ಹಿಡಿಯಬಾರದು. ಅಂಚೆ ಮುದ್ರೆಯಲ್ಲಿ ಊರು, ದಿನಾಂಕ ಸ್ಪಷ್ಟವಾಗಿ ಓದಲು ಬರುತ್ತಿದ್ದರೆ ಲಕೋಟೆಯನ್ನು ಇಡಿಯಾಗಿಯೇ ಉಳಿಸಿಕೊಳ್ಳುವುದು ಒಳ್ಳೆಯದು. ಬಿಡಿ ಚೀಟಿ ಮತ್ತೆಲ್ಲಾದರೂ ಸಿಕ್ಕೀತು, ಅದು ಪಯಣಿಸಿದ ಲಕೋಟೆ ಸಿಗದು.

ಲಕೋಟೆ ಹರಿದುಹೋಗಿದ್ದರೆ ಮಾತ್ರ ಚೀಟಿಯ ಸುತ್ತ ಒಂದು ಸೆಂಟಿಮೀಟರಿನಷ್ಟು ಕಾಗದ ಉಳಿಯುವಂತೆ ಕತ್ತರಿಸಿ, ಅಗಲವಾದ ತಟ್ಟೆಯಲ್ಲಿ ತಣ್ಣೀರು ಹಾಕಿ ಚಿತ್ರ ಮೇಲ್ಮುಖವಾಗಿರುವಂತೆ ತೇಲಿಬಿಡಬೇಕು. ಬಣ್ಣದ ಲಕೋಟೆಯ ತುಂಡನ್ನು ಬೇರೆ ತಟ್ಟೆಯಲ್ಲಿ ನೆನೆಸದಿದ್ದರೆ ಅದರ ಬಣ್ಣ ಉಳಿದವಕ್ಕೂ ಹತ್ತುತ್ತದೆ. ಸುಮಾರು ಇಪ್ಪತ್ತು ನಿಮಿಷದಲ್ಲಿ ಅಂಟು ಸಡಿಲಗೊಂಡು ಚೀಟಿ ತಾನಾಗಿ ಜಾರುತ್ತದೆ. ಜಾರದಿದ್ದರೆ ಇನ್ನಷ್ಟು ಹೊತ್ತು ಕಾಯಬೇಕೇ ಹೊರತು ಉಗುರಿನಿಂದ ಎಬ್ಬಿಸಬಾರದು. ಹಿಂಬದಿಯ ಅಂಟನ್ನು ಬೆರಳಿನಿಂದ ಹಗುರವಾಗಿ ತೊಳೆದು, ಚಿಮಟದಲ್ಲಿ ಹಿಡಿದು, ಬ್ಲಾಟಿಂಗ್ ಪೇಪರಿನ ಮೇಲೆ ಚಿತ್ರ ಕೆಳಗಾಗುವಂತೆ ಹರಡಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಇಟ್ಟರೆ ಚೀಟಿ ಕ್ಷಣದಲ್ಲಿ ಸುರುಳಿಯಾಗುತ್ತದೆ. ನೆರಳಿನಲ್ಲಿ ಅರೆ ಒಣಗಿಸಿ, ದಪ್ಪ ಪುಸ್ತಕದ ಅಡಿಯಲ್ಲಿ ಒಂದು ರಾತ್ರಿ ಇಡುವುದು ಸಾಕು. ಆಲ್ಬಮ್ಮಿನಲ್ಲಿ ಗೋಂದು ಹಚ್ಚುವ ಪ್ರಶ್ನೆಯೇ ಇಲ್ಲ.

ಪ್ರದರ್ಶನದ ಹಾಳೆಯಲ್ಲಿ ಚೀಟಿಯ ಕೆಳಗೆ ಏನನ್ನು ಬರೆಯುತ್ತೇವೆ ಎಂಬುದರಲ್ಲಿಯೇ ಸಂಗ್ರಹಕಾರನ ಅಭಿರುಚಿ ಕಾಣುತ್ತದೆ. ಒಮಾನಿನ ಸೂರ್ ಪಟ್ಟಣದಲ್ಲಿ ಕಟ್ಟಿದ 'ಸೊಹಾರ್' ಎಂಬ ಈ ಹಡಗಿನ ಹಲಗೆಗಳನ್ನು ಮೊಳೆ ಬಳಸದೆ, ಅರಬ್ಬರ ಹಳೆಯ ಪದ್ಧತಿಯಂತೆ ತೆಂಗಿನ ನಾರಿನ ಹುರಿಯಿಂದ ಹೊಲಿಯಲಾಗಿತ್ತು. ಅದಕ್ಕೆ ಬೇಕಾದ ಮರ ಬಂದದ್ದು ನಮ್ಮ ಮಲಬಾರಿನಿಂದ. ಬ್ರಿಟಿಷ್ ಸಾಹಸಯಾನಿ, ಲೇಖಕ ಟಿಮ್ ಸೆವೆರಿನ್ ಅವರ ನೇತೃತ್ವದಲ್ಲಿ 1980ರ ನವೆಂಬರಿನಲ್ಲಿ ಮಸ್ಕತ್‌ನಿಂದ ಹೊರಟ ಹಡಗು, ಕೇರಳದ ಕರಾವಳಿ ಹಾಗೂ ಶ್ರೀಲಂಕಾವನ್ನು ಹಾದು, ಮುಂದೆ ಅನುಕೂಲ ಗಾಳಿಗಾಗಿ ಸಮುದ್ರದಲ್ಲಿಯೇ ಕಾದು, 1981ರ ಜುಲೈನಲ್ಲಿ ಚೀನಾದ ಗುವಾಂಗ್‌ಝೌ ತಲುಪಿತು. ಇಷ್ಟನ್ನು ನಾಲ್ಕೈದು ಸಾಲಿನಲ್ಲಿ ಹಿಡಿದಿಡಬೇಕು. ವಿಶ್ವಕೋಶದ ಪುಟವನ್ನೇ ನಕಲು ಮಾಡಿ ಅಂಟಿಸುವವರ ಹಾಳೆಯನ್ನು ಯಾರೂ ಓದುವುದಿಲ್ಲ.

ಬೀದರಿನಲ್ಲಿ ಪ್ರದರ್ಶನವಿದ್ದರೆ ಪಕ್ಕದ ಹಾಳೆಯನ್ನು ನಮ್ಮ ನೆಲಕ್ಕೇ ಮೀಸಲಿಡಬಹುದು. ಬಹಮನಿ ಕಾಲದ ಕುದುರೆಗಳು ಬಂದದ್ದು ಇದೇ ಅರಬ್ಬಿ ಸಮುದ್ರದ ಹಾದಿಯಲ್ಲಿ. 15ನೆಯ ಶತಮಾನದಲ್ಲಿ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್‌ನಿಂದ ಒಂದು ಕುದುರೆಯೊಡನೆ ಹಡಗಿನಲ್ಲಿ ಕೊಂಕಣ ಕರಾವಳಿಯ ಬಂದರು ಚೌಲ್ ತಲುಪಿ, ಅಲ್ಲಿಂದ ಬೀದರಿಗೆ ಬಂದಿದ್ದ. ಆ ಹಾಳೆಯಲ್ಲಿ ಹೊರ್ಮುಜ್, ಮಸ್ಕತ್, ಚೌಲ್, ಬೀದರ್‌ಗಳನ್ನು ಗುರುತಿಸಿದ ಸರಳ ನಕ್ಷೆಯೊಂದನ್ನು ಪೆನ್ಸಿಲಿನಲ್ಲಿ ಬಿಡಿಸಿ, ನಿಕಿತಿನ್‌ನ ಹಾದಿಗೂ 'ಸೊಹಾರ್' ಹಾದಿಗೂ ಬೇರೆ ಬೇರೆ ಬಣ್ಣ ಬಳಸಿದರೆ, ನೋಡುವವರಿಗೆ ಎರಡೂ ಕಲಸಿಹೋಗುವುದಿಲ್ಲ.