ಬೆಪ್ಪುವಿನಲ್ಲಿ ಬೆಪ್ಪಾಗದೆ ಉಳಿದುಕೊಳ್ಳುವುದು

ನಾವು ಹೋಗಲಿರುವ ಊರಿನ ಹೆಸರು ಬೆಪ್ಪು ಎಂದು ತಿಳಿಸಿದಾಗ ಅಮ್ಮ, "ಅಷ್ಟು ದೂರ ಹೋಗಿ ಬೆಪ್ಪಾಗಬೇಕೇನೋ?" ಎಂದು ನಕ್ಕಿದ್ದರು. ಜಪಾನಿನ ಕ್ಯೂಶೂ ದ್ವೀಪದ ಓಯಿತಾ ಪ್ರಾಂತ್ಯದಲ್ಲಿ, ಬೆಟ್ಟಕ್ಕೂ ಕೊಲ್ಲಿಗೂ ನಡುವೆ ಹರಡಿಕೊಂಡಿರುವ ಆ ಊರಿನಲ್ಲಿ ಮೊದಲ ರಾತ್ರಿಯೇ ಅಮ್ಮನ ಮಾತು ನಿಜವಾಯಿತು. ಐದು ರಾತ್ರಿಗಳ ಪ್ರವಾಸಕ್ಕೆಂದು ನಾನು ತಿಂಗಳುಗಟ್ಟಲೆ ಚಿತ್ರಗಳನ್ನು ನೋಡಿ ಆರಿಸಿದ್ದ ಹೋಟೆಲು ನಮಗೆ ಹೇಳಿ ಮಾಡಿಸಿದಂತೆ ಹೊಂದದ ಜಾಗವಾಗಿತ್ತು. ನಾವು ಮೂವರು: ಮೊಣಕಾಲು ನೋವಿರುವ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವ ಎಪ್ಪತ್ತೆರಡು ವರ್ಷದ ಅಮ್ಮ, ಆಗಾಗ ಉಬ್ಬಸ ಕಾಣಿಸಿಕೊಳ್ಳುವ ನನ್ನ ಹೆಂಡತಿ ಮತ್ತು ನಾನು. ಮೂವರೂ ಸಸ್ಯಾಹಾರಿಗಳು. ಇವಿಷ್ಟೂ ಸಂಗತಿಗಳು ಹೊರಡುವ ಮುನ್ನವೇ ನನಗೆ ತಿಳಿದಿದ್ದವು. ಆದರೂ ವಸತಿಯನ್ನು ಹುಡುಕುವಾಗ ಅವುಗಳಲ್ಲಿ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಕೊಠಡಿಯಿಂದ ಸಮುದ್ರ ಕಾಣುತ್ತದೆಯೇ ಎಂಬುದೊಂದನ್ನೇ ನೋಡಿದ್ದೆ.

ಆ ಹೋಟೆಲಿನಲ್ಲಿ ಸಮುದ್ರ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಸ್ನಾನಗೃಹ ಇನ್ನೊಂದು ಕಟ್ಟಡದಲ್ಲಿದ್ದು, ಅಲ್ಲಿಗೆ ಹೋಗಲು ಎರಡು ಕಡೆ ಮೆಟ್ಟಿಲು ಇಳಿದು ಹತ್ತಬೇಕಾಗಿತ್ತು. ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕವಾದ ದೊಡ್ಡ ಕೊಳಗಳಿದ್ದವು, ನಿಜ. ಆದರೆ ಜಪಾನಿನ ಪದ್ಧತಿಯಂತೆ ಬಟ್ಟೆಯಿಲ್ಲದೆ ಹತ್ತಾರು ಅಪರಿಚಿತರ ನಡುವೆ ನೀರಿಗಿಳಿಯಲು ಅಮ್ಮ ಒಪ್ಪಲಿಲ್ಲ. ಬಾಡಿಗೆಗೆ ಸಿಗುವ ಒಂಟಿ ಸ್ನಾನದ ಕೋಣೆ ಅಲ್ಲಿರಲಿಲ್ಲ. ನೀರಿಗೆ ಈಜುಕೊಳದ ಕ್ಲೋರಿನ್ ವಾಸನೆಯಿತ್ತು. ರಾತ್ರಿಯ ಊಟದ ಹತ್ತಾರು ಪುಟ್ಟ ಬಟ್ಟಲುಗಳಲ್ಲಿ ಮೀನಿನ ಸಾರು ತಗಲದ್ದು ಅನ್ನ ಮತ್ತು ಹಣ್ಣು ಮಾತ್ರ. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಒಣಗಿಸಿದ ಮೀನಿನಿಂದ ತೆಗೆಯುವ 'ದಾಶಿ' ಎಂಬ ಸಾರವೇ ಆ ಅಡುಗೆಯ ತಳಹದಿಯಾಗಿರುವಾಗ, ಮಾಂಸ ಬೇಡ ಎಂದಷ್ಟೇ ಬರೆದು ಕಳುಹಿಸಿದ ನನ್ನ ಪತ್ರ ಏನನ್ನೂ ಹೇಳಿದಂತಾಗಿರಲಿಲ್ಲ.

ಅಮ್ಮನೂ ಹೆಂಡತಿಯೂ ಮಲಗಿದ ಮೇಲೆ ನಾನು ಒಬ್ಬನೇ ಸ್ನಾನಕ್ಕೆ ಹೋದಾಗ, ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೇಲೆ ಚೌಕಟ್ಟು ಹಾಕಿದ್ದ ಒಂದು ಪತ್ರವನ್ನು ಫೋನಿನ ಅನುವಾದದ ನೆರವಿನಿಂದ ಓದಿದೆ. ಅದನ್ನು ಓದುವುದೇ ನಾನು ಆ ಊರಿನಲ್ಲಿ ಕಲಿತ ಮೊದಲ ಪಾಠ. ಜಪಾನಿನಲ್ಲಿ 1948ರಿಂದ ಬಿಸಿನೀರಿನ ಊಟೆಗಳಿಗೆಂದೇ ಒಂದು ಕಾಯಿದೆಯಿದೆ. ನೆಲದಿಂದ ಬರುವ ನೀರು 25 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿಲ್ಲದಿದ್ದರೆ, ಅಥವಾ ಗೊತ್ತುಮಾಡಿದ 19 ಘಟಕಗಳಲ್ಲಿ ಒಂದಾದರೂ ತಕ್ಕ ಪ್ರಮಾಣದಲ್ಲಿದ್ದರೆ, ಅದನ್ನು 'ಒನ್ಸೆನ್' ಎಂದು ಕರೆಯಬಹುದು. ಅಂದರೆ ಆ ಹೆಸರೊಂದರಿಂದಲೇ ನೀರಿನ ಗುಣ ತಿಳಿಯುವುದಿಲ್ಲ. ನೀರಿನ ಪೃಥಕ್ಕರಣದ ವಿವರವನ್ನೂ ಯಾವ ಕಾಯಿಲೆಯವರು ಆ ನೀರಿಗೆ ಇಳಿಯಬಾರದು ಎಂಬುದನ್ನೂ ಕಣ್ಣಿಗೆ ಕಾಣುವಂತೆ ತೂಗುಹಾಕಬೇಕು. 2005ರಿಂದೀಚೆಗೆ ತಣ್ಣೀರು ಬೆರೆಸಿದ್ದರೆ, ಕಾಯಿಸಿದ್ದರೆ, ಅದೇ ನೀರನ್ನು ಸೋಸಿ ಮತ್ತೆ ಮತ್ತೆ ಸುತ್ತಿಸುತ್ತಿದ್ದರೆ, ಔಷಧ ಹಾಕಿದ್ದರೆ ಅದನ್ನೂ ಬರೆಯಬೇಕು. ನಮ್ಮ ಹೋಟೆಲಿನವರು ಪ್ರಾಮಾಣಿಕವಾಗಿ ನಾಲ್ಕನ್ನೂ ಬರೆದಿದ್ದರು! ಊಟೆಯಿಂದ ಬಂದ ನೀರು ಕೊಳ ತುಂಬಿ, ಅಂಚಿನಿಂದ ಹರಿದು ಹೊರಗೆ ಹೋಗುವ ವ್ಯವಸ್ಥೆಗೆ 'ಗೆನ್ಸೆನ್ ಕಾಕೆನಾಗಾಶಿ' ಎನ್ನುತ್ತಾರೆ; ಈ ಒಂದು ಮಾತನ್ನು ತಿಳಿದಿದ್ದರೆ ನಾನು ಆ ಹೋಟೆಲನ್ನು ಆರಿಸುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಂದಿನ ರಾತ್ರಿಯ ಹಣವನ್ನು ಪೂರ್ತಿಯಾಗಿ ಕಳೆದುಕೊಂಡು (ಅದೇ ದಿನ ರದ್ದು ಮಾಡಿದರೆ ಏನೂ ಮರಳಿ ಬರದು ಎಂಬ ಷರತ್ತಿಗೆ ನಾನೇ ಒಪ್ಪಿಗೆ ಕೊಟ್ಟಿದ್ದೆ) ರೈಲು ನಿಲ್ದಾಣದ ಪ್ರವಾಸಿ ಮಾಹಿತಿ ಕೇಂದ್ರಕ್ಕೆ ಹೋದೆ. ಅಲ್ಲಿ ಸಿಕ್ಕ ನಕ್ಷೆಯನ್ನು ಹರಡಿಕೊಂಡು ಕುಳಿತಾಗ ನನ್ನ ತಪ್ಪಿನ ಮೂಲ ಕಂಡಿತು. ನಾನು 'ಬೆಪ್ಪುವಿನಲ್ಲಿ ಹೋಟೆಲು' ಹುಡುಕಿದ್ದೆ; ಆದರೆ ಬಿಸಿನೀರಿನ ಲೆಕ್ಕದಲ್ಲಿ ಬೆಪ್ಪು ಒಂದು ಊರಲ್ಲ, ಎಂಟು. ಬೆಪ್ಪು, ಹಾಮಾವಾಕಿ, ಕಾಂಕಾಯ್ಜಿ, ಹೊರಿತಾ, ಕಾನ್ನಾವಾ, ಮ್ಯೋಬಾನ್, ಶಿಬಾಸೆಕಿ, ಕಾಮೆಗಾವಾ ಎಂಬ ಈ ಎಂಟು ಊಟೆನೆಲೆಗಳಲ್ಲಿ ಒಟ್ಟು ಎರಡು ಸಾವಿರಕ್ಕೂ ಹೆಚ್ಚು ಬಿಸಿನೀರಿನ ಬಾಯಿಗಳಿವೆ. ಪಶ್ಚಿಮಕ್ಕಿರುವ 1,375 ಮೀಟರ್ ಎತ್ತರದ ತ್ಸುರುಮಿ ಪರ್ವತ ಮತ್ತು ಅದರ ಉತ್ತರಕ್ಕಿರುವ ಗಾರಾನ್ ಪರ್ವತ ಜ್ವಾಲಾಮುಖಿಗಳು. ಅವುಗಳ ಕೆಳಗೆ ಕಾದ ಉಪ್ಪುನೀರು ನೆಲದೊಳಗೆ ಪೂರ್ವದ ಸಮುದ್ರದ ಕಡೆಗೆ ಇಳಿಯುತ್ತದೆ. ಮೇಲೆ, ಗಾರಾನ್‌ಗೆ ಹತ್ತಿರದ ಮ್ಯೋಬಾನ್‌ನಲ್ಲಿ, ನೀರಿನಿಂದ ಬೇರ್ಪಟ್ಟ ಹಬೆಯೂ ಗಂಧಕದ ಅನಿಲವೂ ಮೇಲ್ಮೈಯ ನೀರಿಗೆ ಸೇರುವುದರಿಂದ ಅದು ಆಮ್ಲವಾಗುತ್ತದೆ. ನಡುವಿನ ಕಾನ್ನಾವಾದಲ್ಲಿ ಕುದಿಯುವ ಉಪ್ಪುನೀರೇ ನೇರವಾಗಿ ಮೇಲೆ ಬರುತ್ತದೆ. ನಿಲ್ದಾಣದ ಸುತ್ತಿನ ತಗ್ಗಿನಲ್ಲಿ ತಣ್ಣನೆಯ ಅಂತರ್ಜಲ ಬೆರೆತು ಸೌಮ್ಯವಾದ ನೀರಾಗುತ್ತದೆ. ಎಲ್ಲಿ ಮಲಗುತ್ತೇವೆ ಎಂಬುದನ್ನು ನಿರ್ಧರಿಸಿದರೆ ಯಾವ ನೀರಿನಲ್ಲಿ ಮೀಯುತ್ತೇವೆ ಎಂಬುದನ್ನೂ ನಿರ್ಧರಿಸಿದಂತೆಯೇ ಎಂಬುದು ಇದರಿಂದ ಸ್ಪಷ್ಟವಾಯಿತು.

ನಿಲ್ದಾಣದ ಸುತ್ತಮುತ್ತ ಉಳಿದರೆ ಅನುಕೂಲಗಳು ಹಲವು: ನೆಲ ಹೆಚ್ಚುಕಡಿಮೆ ಸಮತಟ್ಟು, ರೈಲೂ ಬಸ್ಸೂ ಹತ್ತಿರ, ಅಗ್ಗದ ಸಣ್ಣ ಹೋಟೆಲುಗಳಿವೆ. ಬಡಾವಣೆಯವರು ತಾವೇ ನೋಡಿಕೊಳ್ಳುವ ಪುಟ್ಟ ಸಾರ್ವಜನಿಕ ಸ್ನಾನಗೃಹಗಳೂ ಇವೆ. 1879ರಲ್ಲಿ ಆರಂಭವಾಗಿ, ಈಗಿನ ಮರದ ಕಟ್ಟಡವನ್ನು 1938ರಲ್ಲಿ ಪಡೆದ ತಾಕೆಗಾವಾರಾ ಸ್ನಾನಗೃಹವೂ ಅಲ್ಲೇ ಇದೆ. ಒಬ್ಬನೇ ಹೋಗುವವನಾಗಿದ್ದರೆ ನಾನು ಅಲ್ಲೇ ಉಳಿಯುತ್ತಿದ್ದೆ. ಆದರೆ ಆ ಹಳೆಯ ಸ್ನಾನಗೃಹಗಳ ನೀರು ಬಹಳ ಬಿಸಿ, ಒಳಗೆ ಇಳಿಯಲು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯಿಲ್ಲ. ಅಮ್ಮನಿಗೆ ಅದು ಆಗುತ್ತಿರಲಿಲ್ಲ. ಕಾಂಕಾಯ್ಜಿಯಲ್ಲಿ ಗುಡ್ಡದ ಮೇಲಿನ ದೊಡ್ಡ ಹೋಟೆಲುಗಳಿವೆ, ಮಕ್ಕಳಿರುವ ಕುಟುಂಬಗಳಿಗೆ ಅವು ಸರಿ. ಉಳಿದ ನೆಲೆಗಳನ್ನು ನಾವು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದೆವು.

ನಾವು ಆರಿಸಿದ್ದು ಕಾನ್ನಾವಾವನ್ನು, ಮತ್ತು ಅದಕ್ಕೆ ಕಾರಣ ನೀರಿಗಿಂತ ಮೊದಲು ಒಲೆ. ಕಾನ್ನಾವಾದಲ್ಲಿ 'ಕಾಶಿಮಾ' ಎಂಬ ಹಳೆಯ ಬಗೆಯ ವಸತಿಗಳು ಇಂದಿಗೂ ಉಳಿದಿವೆ. ಸುಗ್ಗಿ ಮುಗಿಸಿದ ರೈತರು ಮೈಕೈ ನೋವಿಗೆಂದು ವಾರಗಟ್ಟಲೆ ಬಂದು ಬಿಸಿನೀರಿನಲ್ಲಿ ಮೀಯುವ ವಾಡಿಕೆಗೆ 'ತೋಜಿ' ಎನ್ನುತ್ತಾರೆ. ಅಂಥವರು ತಮ್ಮ ಅಕ್ಕಿ ತರಕಾರಿಯನ್ನು ತಾವೇ ತಂದು ಬೇಯಿಸಿಕೊಳ್ಳಲೆಂದು ಹುಟ್ಟಿದ ಬಾಡಿಗೆ ಕೋಣೆಗಳಿವು. ಅಂಗಳದಲ್ಲಿ 'ಜಿಗೊಕು-ಗಾಮಾ', ಅಂದರೆ ನರಕದ ಹಂಡೆ, ಇರುತ್ತದೆ. ಕಲ್ಲಿನ ತೊಟ್ಟಿಯ ಕೆಳಗಿನ ಕೊಳವೆಯಿಂದ ನೂರು ಡಿಗ್ರಿಯ ಆಸುಪಾಸಿನ ನೆಲದ ಹಬೆ ಬರುತ್ತದೆ. ಬುಟ್ಟಿಯಲ್ಲಿ ತರಕಾರಿಯಿಟ್ಟು, ಮುಚ್ಚಳ ಹಾಕಿ, ತಿರುಪು ತಿರುಗಿಸಿದರೆ ಸಾಕು. ಮನೆಯ ಯಜಮಾನಿ ದಪ್ಪ ಕೈಗವಸನ್ನು ಹಾಕಿಕೊಂಡು ಅಮ್ಮನಿಗೆ ಇದನ್ನು ತೋರಿಸಿಕೊಡಲು ಮುಂದಾದಾಗ ಅಮ್ಮ ನನ್ನ ಕಡೆ ತಿರುಗಿ, "ಹಬೆಯಲ್ಲಿ ಬೇಯಿಸೋದನ್ನ ನಂಗೆ ಹೇಳಿಕೊಡಬೇಕಂತೇನೋ?" ಎಂದರು. ಗೆಣಸು, ಸಿಹಿಗುಂಬಳ, ಮುಸುಕಿನ ಜೋಳ, ಎಲೆಕೋಸು, ಅನ್ನ ಎಲ್ಲವೂ ಆ ಹಂಡೆಯಲ್ಲೇ ಬೆಂದವು. ಉಪ್ಪುನೀರಿನ ಹಬೆಯಾದ್ದರಿಂದ ತರಕಾರಿಗೆ ತಾನಾಗಿಯೇ ತುಸು ಉಪ್ಪು ಹತ್ತಿಕೊಳ್ಳುತ್ತದೆ. ನಾಲ್ಕು ದಿನ ಮೀನಿನ ಸಾರಿನ ಚಿಂತೆಯಿಲ್ಲದೆ ಉಂಡೆವು.

ಮಾಹಿತಿ ಕೇಂದ್ರದ ಮಹಿಳೆ ನಮ್ಮ ಪರವಾಗಿ ಮೂರು ಮನೆಗಳಿಗೆ ಫೋನು ಮಾಡಿದ್ದರು. ನಾನು ಕೇಳಿಸಿದ ಪ್ರಶ್ನೆಗಳು ಬೇರೆಯವರಿಗೂ ಉಪಯೋಗಕ್ಕೆ ಬರಬಹುದು. ನೀರು ಹರಿದುಹೋಗುವ ವ್ಯವಸ್ಥೆಯೇ? 'ಕಾಶಿಕಿರಿ', ಅಂದರೆ ಒಳಗಿನಿಂದ ಚಿಲಕ ಹಾಕಿಕೊಂಡು ಒಂದೇ ಕುಟುಂಬ ಮೀಯಬಹುದಾದ ಕೋಣೆ ಇದೆಯೇ? ಬಾಗಿಲಿನಿಂದ ಸ್ನಾನದ ಕೋಣೆಯವರೆಗೆ ಮೆಟ್ಟಿಲು ಎಷ್ಟು? ನೆಲದ ಹಾಸಿಗೆಯ ಬದಲು ಮಂಚ ಸಿಗುತ್ತದೆಯೇ? ಮೊದಲನೆಯ ಮನೆಯಲ್ಲಿ ಮಂಚವಿರಲಿಲ್ಲ. ಎರಡನೆಯವರು ಮೆಟ್ಟಿಲು 'ಸ್ವಲ್ಪವೇ' ಇವೆ ಎಂದರು. ಮೂರನೆಯ ಮನೆಯಾಕೆ ಫೋನನ್ನು ಕೆಳಗಿಟ್ಟು ಹೋಗಿ, ಎಣಿಸಿ ಬಂದು, ಹೊರಗೆ ಮೂರು, ಒಳಗೆ ಒಂದು ಎಂದರು. ಮಂಚ ಅಲ್ಲಿಯೂ ಇರಲಿಲ್ಲ; ಆದರೆ ಮೂರು ಹಾಸಿಗೆಗಳನ್ನು ಒಂದರ ಮೇಲೊಂದು ಹಾಕಿ, ಪಕ್ಕದಲ್ಲಿ ಕುರ್ಚಿಯಿಟ್ಟು ಕೊಡುತ್ತೇವೆ ಎಂದರು. ಅಲ್ಲಿಗೇ ಹೋದೆವು.

ಬಾಡಿಗೆಯ ವಿಷಯದಲ್ಲಿ ಒಂದು ಮಾತು. ಜಪಾನಿನ ಇಂಥ ವಸತಿಗಳಲ್ಲಿ ದರವನ್ನು ಸಾಮಾನ್ಯವಾಗಿ ಕೋಣೆಗಲ್ಲ, ತಲೆಗೆ ಹೇಳುತ್ತಾರೆ. ಎರಡು ಊಟ ಸೇರಿದ ದರ ಒಂದು, ಊಟವಿಲ್ಲದ 'ಸುದೊಮಾರಿ' ದರ ಇನ್ನೊಂದು. ಎರಡರ ನಡುವಿನ ಅಂತರ ಬಹಳ. ಮೊದಲ ಹೋಟೆಲಿನಲ್ಲಿ ನಾವು ತಿನ್ನದ ಊಟಕ್ಕೆ ಕೊಟ್ಟ ಹಣದಲ್ಲಿ ಕಾನ್ನಾವಾದಲ್ಲಿ ಇನ್ನೊಂದು ರಾತ್ರಿ ಕಳೆಯಬಹುದಿತ್ತು. ಸ್ನಾನದ ತೆರಿಗೆಯನ್ನು ತಲೆಗೆ ಇಷ್ಟು ಎಂದು ಪ್ರತ್ಯೇಕವಾಗಿ, ಬಹುತೇಕ ಕಡೆ ನಗದಾಗಿ ಪಡೆಯುತ್ತಾರೆ. ಕೆಲವು ಮನೆಗಳಲ್ಲಿ ಹಬೆಯ ಒಲೆಗೂ ಬೇರೆ ಬಾಡಿಗೆ ಇರುತ್ತದೆ.

ಕಾನ್ನಾವಾದ ಕಷ್ಟಗಳನ್ನೂ ಹೇಳಬೇಕು. ಇಡೀ ಬಡಾವಣೆ ಇಳಿಜಾರಿನಲ್ಲಿದೆ, ಓಣಿಗಳು ಕಿರಿದು, ಕಲ್ಲುಹಾಸು ಒದ್ದೆ. ಮನೆಗಳ ನಡುವೆ ಎಲ್ಲೆಂದರಲ್ಲಿ ಹಬೆಯ ಕಂಬಗಳು ಏಳುತ್ತವೆ. ಈ ನೋಟವನ್ನು 2012ರಲ್ಲಿ ಜಪಾನ್ ಸರ್ಕಾರ ಮಹತ್ವದ ಸಾಂಸ್ಕೃತಿಕ ಭೂದೃಶ್ಯವೆಂದು ಗುರುತಿಸಿದೆ, ಮತ್ತು ಚಳಿ ಶುರುವಾಗಿದ್ದ ನವೆಂಬರಿನ ಬೆಳಗಿನಲ್ಲಿ ಅದು ನಿಜಕ್ಕೂ ಕಣ್ಣು ತುಂಬುವಂತಿತ್ತು. ಆದರೆ ಆ ಕಂಬಗಳಲ್ಲೊಂದು ನಿಮ್ಮ ಕಿಟಕಿಯ ಪಕ್ಕದಲ್ಲಿದ್ದರೆ ರಾತ್ರಿಯಿಡೀ ಕುಕ್ಕರಿನ ಸದ್ದಿನಲ್ಲಿ ಮಲಗಬೇಕಾಗುತ್ತದೆ. ನಾವು ಎರಡನೆಯ ದಿನ ಹಿಂಬದಿಯ ಕೋಣೆಗೆ ಬದಲಾಯಿಸಿಕೊಂಡೆವು. ಸಂಜೆಯಾದಂತೆ ಬಸ್ಸುಗಳು ವಿರಳವಾಗುತ್ತವೆ. ಕೆಳಗಿನ ಪೇಟೆಯಲ್ಲಿ ರಾತ್ರಿ ತಿರುಗಾಡುವ ಆಸೆಯಿರುವವರು ಮೇಲೆ ಉಳಿಯಬಾರದು.

ಮ್ಯೋಬಾನ್‌ನಲ್ಲಿ ಒಂದು ರಾತ್ರಿ ಉಳಿಯುವ ಯೋಚನೆ ನನಗಿತ್ತು. ಹುಲ್ಲಿನ ಗುಡಿಸಲುಗಳೊಳಗೆ ನೆಲದ ಹಬೆಯಿಂದ ಪಟಿಕದಂಥ 'ಯುನೊಹಾನಾ' ಹರಳುಗಳನ್ನು ಬೆಳೆಸುವ, ಎದೊ ಕಾಲದ (ಹದಿನೇಳರಿಂದ ಹತ್ತೊಂಬತ್ತನೆಯ ಶತಮಾನದವರೆಗಿನ) ವಿಧಾನ ಅಲ್ಲಿ ಇನ್ನೂ ನಡೆಯುತ್ತಿದೆ. ಹಾಲಿನಂತೆ ಬಿಳಿಚಿದ ಆಮ್ಲದ ನೀರು ಚರ್ಮಕ್ಕೆ ಒಳ್ಳೆಯದೆಂದು ಹುಡುಕಿಕೊಂಡು ಬರುವವರಿದ್ದಾರೆ. ಆದರೆ ಗಂಧಕದ ಗಾಳಿ ಉಬ್ಬಸಕ್ಕೆ ಒಗ್ಗುತ್ತದೆಯೇ ಎಂಬ ಅಂಜಿಕೆಯಿಂದ ಮೊದಲು ಹಗಲಿನಲ್ಲಿ ಹೋಗಿ ಬಂದೆವು. ಅರ್ಧ ಗಂಟೆಯಲ್ಲಿ ನನ್ನ ಹೆಂಡತಿಗೆ ಕೆಮ್ಮು ಶುರುವಾಯಿತು, ಮತ್ತು ಬಿಚ್ಚಿಡಲು ಮರೆತ ಅವಳ ಬೆಳ್ಳಿಯ ಕಾಲುಂಗುರಗಳು ಕಪ್ಪಾದವು. ಅಲ್ಲಿ ಉಳಿಯುವ ಯೋಚನೆಯನ್ನು ಬಿಟ್ಟೆವು. ಗಂಧಕದ ನೆಲೆಯಲ್ಲಿ ಕೋಣೆ ಕಾಯ್ದಿರಿಸುವ ಮುನ್ನ ಹೀಗೆ ಒಂದು ಹಗಲು ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು.

ಜ್ವಾಲಾಮುಖಿಯ ಬುಡದಲ್ಲಿ ಮಲಗುವ ಬಗ್ಗೆ ಅಮ್ಮನಿಗಿಂತ ನನಗೇ ಹೆಚ್ಚು ಹೆದರಿಕೆಯಿತ್ತು. ಈ ಪರ್ವತಗಳು 867ರಲ್ಲಿ ಸ್ಫೋಟಿಸಿದ ದಾಖಲೆಯಿದೆ. ಜಪಾನಿನ ಹವಾಮಾನ ಇಲಾಖೆ ಇವುಗಳಿಗೆ 1ರಿಂದ 5ರವರೆಗಿನ ಎಚ್ಚರಿಕೆಯ ಮಟ್ಟಗಳಲ್ಲಿ ಒಂದನ್ನು ಪ್ರಕಟಿಸುತ್ತಿರುತ್ತದೆ; 2022ರ ಜುಲೈನಲ್ಲಿ ಅದನ್ನು 2ಕ್ಕೆ ಏರಿಸಿ ಅದೇ ತಿಂಗಳು ಮತ್ತೆ 1ಕ್ಕೆ ಇಳಿಸಿದ್ದರು. ಮಟ್ಟ 2 ಎಂದರೆ ಜ್ವಾಲಾಮುಖದ ಹತ್ತಿರ ಹೋಗಬೇಡಿ ಎಂದರ್ಥವೇ ಹೊರತು ಊರು ಬಿಡಿ ಎಂದಲ್ಲ. ಹೊರಡುವ ಹಿಂದಿನ ವಾರ ಮತ್ತು ಹೊರಟ ದಿನ ಅದನ್ನು ನೋಡಿಕೊಂಡೆ, ಅಷ್ಟೇ. ನನ್ನ ಎಣಿಕೆಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಭೂಕಂಪ. 2016ರ ಏಪ್ರಿಲ್‌ನ ಕುಮಾಮೊತೊ ಭೂಕಂಪದಲ್ಲಿ ಬೆಪ್ಪುವೂ ಬಲವಾಗಿ ನಡುಗಿತ್ತು. ಜಪಾನಿನ ಕಟ್ಟಡ ನಿಯಮಗಳು 1981ರ ಜೂನ್‌ನಲ್ಲಿ ಬಿಗಿಯಾದ್ದರಿಂದ, ಮನೆ ಅದಕ್ಕಿಂತ ಹಳೆಯದಾಗಿದ್ದರೆ ಆಮೇಲೆ ಬಲಪಡಿಸಲಾಗಿದೆಯೇ ಎಂದು ಕೇಳುವುದು ಒರಟುತನವೇನಲ್ಲ. ನಮ್ಮ ಮನೆ ಹಳೆಯದೇ. ಯಜಮಾನಿ ಬೇಸರಿಸದೆ, ಗೋಡೆಗೆ ಹೊಸದಾಗಿ ಅಡ್ಡಪಟ್ಟಿಗಳನ್ನು ಕೂರಿಸಿದ್ದನ್ನು ತೋರಿಸಿ, ಓಣಿಯ ತುದಿಯಲ್ಲಿ ಜನ ಸೇರಬೇಕಾದ ಜಾಗಕ್ಕೂ ಕರೆದುಕೊಂಡು ಹೋದರು.

ಅಮ್ಮ ಚಿಲಕ ಹಾಕಿದ ಆ ಸಣ್ಣ ಕೋಣೆಯಲ್ಲಿ ಬೆಳಿಗ್ಗೆ ಸಂಜೆ, ವೈದ್ಯರು ಹೇಳಿದ್ದಂತೆ ಮೊದಲು ಕಾಲಿಗೂ ಸೊಂಟಕ್ಕೂ ನೀರು ಹೊಯ್ದುಕೊಂಡು, ಐದು ನಿಮಿಷ ಮಾತ್ರ ಮುಳುಗಿ ಏಳುತ್ತಿದ್ದರು. ಕೊನೆಯ ದಿನ ಬಸ್ಸಿಗೆ ಹೊತ್ತಾಗಿದೆ ಎಂದು ನಾನು ಬಾಗಿಲು ತಟ್ಟಿದಾಗ ಒಳಗಿನಿಂದ, "ಇನ್ನೊಂದು ಬಸ್ಸು ಇಲ್ವೇನೋ?" ಎಂಬ ದನಿ ಬಂತು. ಇತ್ತು, ನಲವತ್ತು ನಿಮಿಷದ ಮೇಲೆ. ನಾನು ಚೀಲಗಳನ್ನು ಇಳಿಸಿ ಹಂಡೆಯ ಪಕ್ಕದ ಬೆಂಚಿನ ಮೇಲೆ ಕುಳಿತುಕೊಂಡೆ.