ಕಾಗದದ ನೆಗೆಟಿವ್‌ನಲ್ಲಿ ಕೈಯಾರೆ ಮಾಡಿದ ಶಿಲ್ಪಗಳು

ಕೈಯಲ್ಲಿ ಮಾಡಿದ ಶಿಲ್ಪಗಳ ಫೋಟೊ ತೆಗೆಯಲು ನಾನು ಫಿಲ್ಮ್ ಬಳಸುವುದಿಲ್ಲ. ಡಾರ್ಕ್‌ರೂಮ್‌ನಲ್ಲಿ ಪ್ರಿಂಟ್ ಹಾಕುವ ಫೋಟೊ ಪೇಪರನ್ನೇ ಕತ್ತರಿಸಿ ದೊಡ್ಡ ಕ್ಯಾಮೆರಾದ 4×5 ಇಂಚಿನ ಫಿಲ್ಮ್ ಹೋಲ್ಡರ್‌ಗೆ (ಫಿಲ್ಮ್ ಇಡುವ ಚೌಕಟ್ಟಿಗೆ) ಹಾಕುತ್ತೇನೆ. ಆ ಪೇಪರೇ ನೆಗೆಟಿವ್ ಆಗುತ್ತದೆ, ಅಂದರೆ ಬೆಳಕು ಕಪ್ಪಾಗಿ, ನೆರಳು ಬಿಳಿಯಾಗಿ ಮೂಡುವ ಚಿತ್ರ. ಪೂರ್ತಿ 4×5 ಅಳತೆಗೆ ಕತ್ತರಿಸಿದರೆ ಒಳಗೆ ಹೋಗುವುದಿಲ್ಲ, ಎರಡೂ ಕಡೆ ಒಂದೆರಡು ಮಿಲಿಮೀಟರ್ ಕಮ್ಮಿ ಇರಬೇಕು. ಈ ಕೆಲಸವೆಲ್ಲ ಕೆಂಪು ಸೇಫ್‌ಲೈಟ್‌ನಲ್ಲೇ (ಪೇಪರ್‌ಗೆ ತಾಗದ ಮಂದ ಬೆಳಕಿನಲ್ಲೇ) ಆಗುತ್ತದೆ, ಕತ್ತಲಲ್ಲಿ ತಡಕಾಡಬೇಕಿಲ್ಲ.

ಪೇಪರ್ ತುಂಬಾ ನಿಧಾನ. ಬೆಳಕಿಗೆ ಸ್ಪಂದಿಸುವ ವೇಗದ ಅಳತೆಯಾದ ಐಎಸ್‌ಒದಲ್ಲಿ ನಾನು 6 ಎಂದು ಲೆಕ್ಕ ಹಿಡಿಯುತ್ತೇನೆ. ಶಿಲ್ಪ ಕದಲುವುದಿಲ್ಲ, ಹಾಗಾಗಿ ನಿಧಾನವಾದರೂ ತೊಂದರೆಯಿಲ್ಲ. 1840ರ ದಶಕದಲ್ಲೇ ಕಾಗದದ ನೆಗೆಟಿವ್ ಕಂಡುಹಿಡಿದ ಇಂಗ್ಲೆಂಡಿನ ಟಾಲ್ಬಟ್, ಗ್ರೀಕ್ ಪುರಾಣದ ವೀರ ಪ್ಯಾಟ್ರೊಕ್ಲಸ್‌ನ ಪ್ಲಾಸ್ಟರ್ ತಲೆಯನ್ನು ಕಾಗದದ ನೆಗೆಟಿವ್‌ನಲ್ಲಿ ಬೇರೆಬೇರೆ ಕೋನಗಳಿಂದ ತೆಗೆದಿದ್ದ. ನೇರ ಬಿಸಿಲಿನಲ್ಲಿ ನೆರಳು ಕಡುವಾಗುತ್ತದೆ, ಎದುರು ಬದಿಗೆ ಬಿಳಿ ಬಟ್ಟೆ ಹಿಡಿಯಿರಿ, ಇಲ್ಲವೇ ಮೋಡದ ದಿನ ತೆಗೆಯಿರಿ ಎಂದು ಅವನೇ ಬರೆದಿಟ್ಟಿದ್ದಾನೆ. ನಾನು ಇವತ್ತಿಗೂ ಅದನ್ನೇ ಮಾಡುವುದು. ಒಂದು ಬದಿಯಿಂದ ಕಿಟಕಿ ಬೆಳಕು, ಇನ್ನೊಂದು ಬದಿಗೆ ಬಿಳಿ ಬಟ್ಟೆ. ಬೆಳಕು ಓರೆಯಾಗಿ ಸವರಿಕೊಂಡು ಹೋಗಬೇಕು. ಆಗಲೇ ಬೆರಳಚ್ಚು, ಉಳಿಯ ಗೆರೆ ಎದ್ದು ಕಾಣುತ್ತವೆ. ಕೈಕೆಲಸದ ಫೋಟೊದಲ್ಲಿ ಅವೇ ಕಾಣದಿದ್ದರೆ ಏನು ಪ್ರಯೋಜನ?

ಎಲ್ಲಕ್ಕಿಂತ ಮುಖ್ಯ ಬಣ್ಣದ ವಿಷಯ. ಈ ಪೇಪರ್‌ಗೆ ನೀಲಿ ಚೆನ್ನಾಗಿ ಕಾಣುತ್ತದೆ, ಕೆಂಪು ಕಾಣುವುದೇ ಇಲ್ಲ ಅನ್ನಬಹುದು. ನಮ್ಮ ಕಣ್ಣಿಗೆ ಹೊಳೆಯುವ ಸುಟ್ಟ ಕೆಂಪು ಮಣ್ಣು ಪ್ರಿಂಟ್‌ನಲ್ಲಿ ಕಪ್ಪಗಾಗುತ್ತದೆ. ಲೈಟ್ ಮೀಟರ್ ಮಾತ್ರ ಆ ಕೆಂಪನ್ನೂ ಬೆಳಕೆಂದೇ ಎಣಿಸುತ್ತದೆ. ಅದಕ್ಕೇ ಕೆಂಪು ಮಣ್ಣಿನ ಶಿಲ್ಪಕ್ಕೆ ಮೀಟರ್ ಹೇಳಿದ್ದಕ್ಕಿಂತ ಒಂದೂವರೆಯಿಂದ ಎರಡು ಸ್ಟಾಪ್ ಜಾಸ್ತಿ ಕೊಡುತ್ತೇನೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಬಿಳಿ ಪ್ಲಾಸ್ಟರ್‌ಗೆ ಇದು ಬೇಡ. ಹಳದಿ ಬೆಳಕಿನ ಬಲ್ಬಿನಲ್ಲಿ ನೀಲಿ ಕಮ್ಮಿ, ಸುಮ್ನೆ ಹೊತ್ತು ಹೋಗುತ್ತದೆ. ಹಗಲು ಬೆಳಕೇ ವಾಸಿ.

ಹತ್ತಿರದಿಂದ ತೆಗೆಯುವಾಗ ಲೆನ್ಸ್ ಮತ್ತು ಪೇಪರ್ ನಡುವಿನ ಮಡಿಕೆ ಚೀಲ, ಅಂದರೆ ಬೆಲ್ಲೋಸ್, ಉದ್ದವಾಗುತ್ತದೆ, ಬೆಳಕು ಇನ್ನೂ ಕುಗ್ಗುತ್ತದೆ. 210 ಮಿ.ಮೀ. ಲೆನ್ಸ್‌ನಲ್ಲಿ ಶಿಲ್ಪವನ್ನು ಅರ್ಧ ಗಾತ್ರಕ್ಕೆ ತಂದರೆ ಬೆಲ್ಲೋಸ್ 315 ಮಿ.ಮೀ. ಆಗುತ್ತದೆ. ಆಗ ಎಕ್ಸ್‌ಪೋಷರ್ ಎರಡೂಕಾಲು ಪಟ್ಟು ಬೇಕು. ಮೂಗಿನಿಂದ ಕಿವಿಯವರೆಗೆ ಫೋಕಸ್ ಸಿಗಲಿ ಎಂದು ಲೆನ್ಸಿನ ಕಿಂಡಿಯನ್ನು ಎಫ್/32ರಷ್ಟು ಚಿಕ್ಕದಕ್ಕೆ ಇಳಿಸಿದರೆ ಕಿಟಕಿ ಬೆಳಕಿನಲ್ಲಿ ಎರಡು ನಿಮಿಷ ದಾಟುವುದು ಮಾಮೂಲು. ಟ್ರೈಪಾಡ್ ಗಟ್ಟಿಯಾಗಿರಲಿ, ಆ ಹೊತ್ತಿನಲ್ಲಿ ಯಾರೂ ಓಡಾಡದಿರಲಿ.

ಇನ್ನು ಕಾಂಟ್ರಾಸ್ಟ್. ಪೇಪರ್‌ನಲ್ಲಿ ಬೆಳಕು-ನೆರಳಿನ ನಡುವಿನ ಛಾಯೆಗಳು ಬೇಗ ಮಾಯವಾಗುತ್ತವೆ. ಶಿಲ್ಪದ ದುಂಡುತನ ಇರುವುದೇ ಆ ಛಾಯೆಗಳಲ್ಲಿ, ಅಲ್ವಾ? ಅದಕ್ಕೆ ಪ್ರಿ-ಫ್ಲ್ಯಾಷ್ ಮಾಡುತ್ತೇನೆ. ಹೋಲ್ಡರ್‌ಗೆ ಹಾಕುವ ಮೊದಲು ಎನ್‌ಲಾರ್ಜರ್ (ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಹಾಕುವ ದೀಪದ ಯಂತ್ರ) ಕೆಳಗೆ ಪೇಪರ್‌ಗೆ ಒಂದು ಚೂರು ಬೆಳಕು ತೋರಿಸುವುದು. ಎಷ್ಟು ಎಂದು ಟೆಸ್ಟ್ ಸ್ಟ್ರಿಪ್, ಅಂದರೆ ಬೇರೆಬೇರೆ ಹೊತ್ತು ಬೆಳಕು ಕೊಟ್ಟು ನೋಡಿದ ಪೇಪರ್ ಚೂರು, ಹೇಳುತ್ತದೆ. ಡೆವಲಪ್ ಮಾಡಿದಾಗ ಮೊದಲ ಬೂದು ಕಾಣಿಸುವ ಹಂತಕ್ಕಿಂತ ತುಸು ಕಮ್ಮಿ ಇರಬೇಕು. ಇದರಿಂದ ಕಣ್ಣುಗುಳಿಯ, ಕತ್ತಿನ ಕೆಳಗಿನ ನೆರಳುಗಳು ಉಳಿಯುತ್ತವೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಕಾಂಟ್ರಾಸ್ಟ್ ಬದಲಾಗುವ ವೇರಿಯಬಲ್ ಕಾಂಟ್ರಾಸ್ಟ್ ಪೇಪರ್ ಆದರೆ ಲೆನ್ಸ್ ಮುಂದೆ ಹಳದಿ ಫಿಲ್ಟರ್ ಹಾಕಿದರೂ ಕಾಂಟ್ರಾಸ್ಟ್ ಇಳಿಯುತ್ತದೆ, ಆದರೆ ಹೊತ್ತು ಇನ್ನಷ್ಟು ಹಿಡಿಯುತ್ತದೆ.

ಡೆವಲಪರನ್ನು ಪ್ರಿಂಟ್‌ಗಿಂತ ತೆಳುವಾಗಿ ಕಲಸುತ್ತೇನೆ. ಉಳಿದದ್ದೆಲ್ಲ ಪ್ರಿಂಟ್ ತೊಳೆದ ಹಾಗೇ.

ಒಣಗಿದ ನೆಗೆಟಿವನ್ನು ಹೊಸ ಪೇಪರ್ ಮೇಲೆ ಮುಖಕ್ಕೆ ಮುಖ ಕೂಡಿಸಿ, ದಪ್ಪ ಗಾಜು ಹೇರಿ, ಬೆನ್ನಿನ ಕಡೆಯಿಂದ ಬೆಳಕು ಕೊಡುತ್ತೇನೆ. ಬೆನ್ನಿನ ಮೇಲೆ ಕಂಪನಿ ಹೆಸರು ಅಚ್ಚಾಗಿರುವ ಪೇಪರ್ ಬೇಡವೇ ಬೇಡ, ಅದು ಪ್ರಿಂಟ್‌ನಲ್ಲಿ ಮೂಡುತ್ತದೆ. ಯಾವುದಾದರೂ ನೆರಳು ಇನ್ನೂ ಕಡು ಅನ್ನಿಸಿದರೆ ನೆಗೆಟಿವ್‌ನ ಬೆನ್ನಿಗೆ ಆ ಜಾಗದಲ್ಲಿ ಮೆತ್ತನೆ ಪೆನ್ಸಿಲ್ ತಿಕ್ಕುತ್ತೇನೆ. ಪೆನ್ಸಿಲ್ ಬೆಳಕನ್ನು ತಡೆಯುವುದರಿಂದ ಪ್ರಿಂಟ್‌ನಲ್ಲಿ ಅಲ್ಲಿ ತಿಳಿಯಾಗುತ್ತದೆ. ಜಾಸ್ತಿಯಾದರೆ ರಬ್ಬರ್‌ನಿಂದ ಅಳಿಸಿ ಮತ್ತೆ ತಿದ್ದಬಹುದು.