ಡೆವ್‌ಟೂಲ್ಸ್‌ನ ಒಂದು ಮೆಮೊರಿ ಬಗ್ ಹಿಡಿದ ಅನುಭವ

ಡೆವ್‌ಟೂಲ್ಸ್ ಅಂದರೆ ವೆಬ್ ಪುಟಗಳನ್ನು ಪರೀಕ್ಷಿಸಲು ಬ್ರೌಸರ್‌ನಲ್ಲೇ ಇರುವ ಸಾಧನಗಳು. ಅಲ್ಲಿ ಕಣ್ಣಿಗೆ ಕಾಣುವುದೆಲ್ಲ ಜಾವಾಸ್ಕ್ರಿಪ್ಟ್. ಅದು ಕಳಿಸುವ ಕಮಾಂಡ್‌ಗಳನ್ನು ನಡೆಸುವ ಹಿಂಬದಿ ಮಾತ್ರ ಸಿ ಪ್ಲಸ್ ಪ್ಲಸ್‌ನಲ್ಲಿದೆ. ನಾನು ಕೆಲಸ ಮಾಡುತ್ತಿದ್ದ ಕ್ರೋಮಿಯಂ ಆಧಾರಿತ ಬ್ರೌಸರ್‌ನಲ್ಲಿ ಅದರ ಒಂದು ಭಾಗ ಸ್ಯಾಂಡ್‌ಬಾಕ್ಸ್ (ಕೋಡ್ ಹೊರಗೆ ಹಾನಿ ಮಾಡದಂತೆ ಹಾಕುವ ಬೇಲಿ) ಇಲ್ಲದ ಮುಖ್ಯ ಪ್ರೋಸೆಸ್‌ನಲ್ಲೇ ಓಡುತ್ತಿತ್ತು. ಕ್ರ್ಯಾಶ್ ರಿಪೋರ್ಟ್‌ಗಳಲ್ಲಿ ಅಲ್ಲಿನ ಒಂದೇ ಫಂಕ್ಷನ್ ಮತ್ತೆ ಮತ್ತೆ ಕಾಣುತ್ತಿತ್ತು. ಅಡ್ರೆಸ್ ಮಾತ್ರ ಪ್ರತಿ ಸಲ ಬೇರೆ. ಯೂಸ್ ಆಫ್ಟರ್ ಫ್ರೀ, ಅಂದರೆ ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವ ತಪ್ಪು, ಇರಬೇಕು ಅನ್ನಿಸಿತು.

ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಬಿಲ್ಡ್ ಮಾಡಿದೆ. ಪ್ರೋಗ್ರಾಂ ಸುಮಾರು 2 ಪಟ್ಟು ನಿಧಾನವಾಗುತ್ತದೆ, ಆದರೂ ಪರವಾಗಿಲ್ಲ. ಬಿಡುಗಡೆಯಾದ ಮೆಮೊರಿಯನ್ನು ಸ್ಯಾನಿಟೈಸರ್ ಕೂಡಲೇ ಬೇರೆಯವರಿಗೆ ಕೊಡದೆ ಪಕ್ಕಕ್ಕಿಡುತ್ತದೆ. ಪ್ರತಿ 8 ಬೈಟಿಗೆ 1 ಬೈಟ್‌ನಂತೆ ಗುರುತು ಇಟ್ಟಿರುತ್ತದೆ. ಯಾರಾದರೂ ಆ ಜಾಗ ಮುಟ್ಟಿದರೆ ಅಲ್ಲೇ ನಿಲ್ಲಿಸುತ್ತದೆ.

ಕ್ರ್ಯಾಶ್ ಮತ್ತೆ ಆಗುವಂತೆ ಮಾಡಲು ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಪ್ಯಾನೆಲ್‌ನಲ್ಲಿ ಒಂದು ರೆಸ್ಪಾನ್ಸ್ ಕೇಳಿ, ಅದು ಬರುವ ಮೊದಲೇ ಟ್ಯಾಬ್ ಮುಚ್ಚಬೇಕು. ಕೈಯಲ್ಲಿ ಮಾಡಿದರೆ ಅಪರೂಪಕ್ಕೆ ಸಿಗುತ್ತಿತ್ತು. ಹಾಗಾಗಿ ಉತ್ತರವನ್ನು ಬೇಕಂತಲೇ ತಡಮಾಡಿ, ನಡುವೆ ಸೆಷನ್ (ಡೆವ್‌ಟೂಲ್ಸ್ ಮತ್ತು ಟ್ಯಾಬ್ ನಡುವಿನ ಸಂಪರ್ಕ) ಮುಗಿಸುವ ಚಿಕ್ಕ ಟೆಸ್ಟ್ ಬರೆದೆ. ಆಮೇಲೆ ಪ್ರತಿ ಸಲವೂ ಬಿತ್ತು.

ರಿಪೋರ್ಟ್‌ನಲ್ಲಿ ಮೂರು ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಇರುತ್ತವೆ: ಮೆಮೊರಿ ಮುಟ್ಟಿದ್ದು ಎಲ್ಲಿ, ಬಿಟ್ಟಿದ್ದು ಎಲ್ಲಿ, ಪಡೆದಿದ್ದು ಎಲ್ಲಿ. ಜಾಸ್ತಿ ಜನ ಮೊದಲನೆಯದನ್ನು ಮಾತ್ರ ನೋಡಿ, ಅಲ್ಲೊಂದು ನಲ್ ಚೆಕ್ (ಅಡ್ರೆಸ್ ಹಿಡಿದಿರುವ ಪಾಯಿಂಟರ್ ಖಾಲಿಯೇ ಎಂಬ ಪರೀಕ್ಷೆ) ಹಾಕಿ ಮುಗಿಸಿಬಿಡುತ್ತಾರೆ. ಆದರೆ ಪಾಯಿಂಟರ್ ನಲ್ ಆಗಿರುವುದೇ ಇಲ್ಲ, ಹಳೇ ಅಡ್ರೆಸ್ ಹಾಗೇ ಉಳಿದಿರುತ್ತದೆ ಅಲ್ವಾ? ನಾನು ಓದಲು ಶುರು ಮಾಡುವುದು ಎರಡನೆಯದರಿಂದ. ಟ್ಯಾಬ್ ಮುಚ್ಚಿದಾಗ ಸೆಷನ್ ಹೋಗುತ್ತಿತ್ತು, ಅದರ ಜೊತೆ ಕಮಾಂಡ್ ನಡೆಸುವ ಅದರ ಹ್ಯಾಂಡ್ಲರ್ ಕೂಡ. ಇತ್ತ ಉತ್ತರ ಬಂದಾಗ ಓಡಬೇಕಾದ ನೆಟ್‌ವರ್ಕ್ ಕಾಲ್‌ಬ್ಯಾಕ್ ಆ ಹ್ಯಾಂಡ್ಲರ್‌ನ ಬರೀ ಪಾಯಿಂಟರನ್ನು ಇಟ್ಟುಕೊಂಡು ಕಾಯುತ್ತಿತ್ತು. ಉತ್ತರ ಬಂದಾಗ ಕೇಳಿದವರೇ ಇರಲಿಲ್ಲ.

ಕಾಲ್‌ಬ್ಯಾಕ್‌ಗೆ ವೀಕ್ ಪಾಯಿಂಟರ್ (ತೋರಿಸುವ ವಸ್ತು ಹೋದರೆ ತಾನೂ ಖಾಲಿಯಾಗುವ ಪಾಯಿಂಟರ್) ಕೊಟ್ಟೆ. ಹ್ಯಾಂಡ್ಲರ್ ಹೋಗಿದ್ದರೆ ಕಾಲ್‌ಬ್ಯಾಕ್ ಈಗ ಓಡುವುದೇ ಇಲ್ಲ. ಪಕ್ಕದ ಹ್ಯಾಂಡ್ಲರ್‌ಗಳಲ್ಲೂ ಇದೇ ಬರವಣಿಗೆ ಹುಡುಕಿದೆ. ಸ್ಕ್ರೀನ್‌ಶಾಟ್ ತೆಗೆಯುವ ಕಡೆ ಇನ್ನೊಂದು ಸಿಕ್ಕಿತು. ಹುಡುಕಿದ್ದು ಒಳ್ಳೆಯದೇ ಆಯಿತು: ಕ್ರೋಮಿಯಂ ತಂಡ 2020ರಲ್ಲಿ ಕೊಟ್ಟ ಲೆಕ್ಕದಂತೆ ಅಲ್ಲಿನ ಗಂಭೀರ ಭದ್ರತಾ ಬಗ್‌ಗಳಲ್ಲಿ ಸುಮಾರು 70% ಮೆಮೊರಿಯವು, ಅವುಗಳಲ್ಲಿ ಅರ್ಧದಷ್ಟು ಯೂಸ್ ಆಫ್ಟರ್ ಫ್ರೀ.

‘ಡೆವ್‌ಟೂಲ್ಸ್ ತೆರೆಯುವವರು ಎಷ್ಟು ಜನ, ಇದು ಅಷ್ಟು ದೊಡ್ಡದಲ್ಲ’ ಎಂಬ ಮಾತು ರಿವ್ಯೂನಲ್ಲಿ ಬಂತು. ನಾನು ಒಪ್ಪಲಿಲ್ಲ. ಡಿಬಗರ್ ಅನುಮತಿ ಇರುವ ಎಕ್ಸ್‌ಟೆನ್ಶನ್ ಇದೇ ಕಮಾಂಡನ್ನು ಪ್ಯಾನೆಲ್ ತೆರೆಯದೆಯೇ ಕಳಿಸಬಹುದು. ಟ್ಯಾಬ್ ಮುಚ್ಚುವ ಹೊತ್ತನ್ನೂ ಅದೇ ಆರಿಸಿಕೊಳ್ಳಬಹುದು. ಟೆಸ್ಟ್ ಅನ್ನು ಆ ದಾರಿಯಿಂದಲೂ ಓಡಿಸಿ ತೋರಿಸಿದೆ. ಬಗ್‌ನ ತೀವ್ರತೆಯನ್ನು ಏರಿಸಿದರು, ಫಿಕ್ಸ್ ಮುಂದಿನ ಅಪ್‌ಡೇಟ್‌ನಲ್ಲೇ ಹೋಯಿತು.